ನಿವೇಶನದ ದಲ್ಲಾಳಿಗಳೂ ದಂಡವೂ

ಹಳಗನ್ನಡದಲ್ಲಿ ‘ಹರದ’ನೆಂದರೆ ವರ್ತಕ. ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯ ಹೆಸರನ್ನು ಕೇಳಿದಾಗಲೆಲ್ಲ ಈ ಅರ್ಥವು ಮನಸ್ಸಿಗೆ ಬಾರದೆ ಇರದು. ದಿವ್ಯಲಿಂಗೇಶ್ವರನ ಪುರಾತನ ದೇವಾಲಯದಿಂದಲೂ, ತೋಂಟದ ಸಿದ್ಧಲಿಂಗ ಯತಿಗಳ ಜನ್ಮಸ್ಥಳವೆಂಬ ಕೀರ್ತಿಯಿಂದಲೂ ಪ್ರಸಿದ್ಧವಾದ ಈ ಗ್ರಾಮದ ಸುತ್ತ ಹಿಂದೆ ಭೂಮಿಯಲ್ಲಿ ಬೆಳೆದದ್ದು ವ್ಯಾಪಾರದ ವಸ್ತುವಾಗಿತ್ತು. ಇಂದು ಜಿಲ್ಲಾ ಕೇಂದ್ರಗಳಿಗೆ ಹೊಂದಿಕೊಂಡ ಹಳ್ಳಿಗಳಲ್ಲೆಲ್ಲ ಭೂಮಿಯೇ ವ್ಯಾಪಾರದ ವಸ್ತುವಾಗಿದೆ. ವಸ್ತುವು ಬದಲಾದರೆ ವ್ಯಾಪಾರದ ಧರ್ಮವು ಬದಲಾಗತಕ್ಕದ್ದಲ್ಲ. ಆದರೆ ಈ ಹೊಸ ವ್ಯಾಪಾರದಲ್ಲಿ ಮಧ್ಯಸ್ಥನಾಗಿ ನಿಂತವನು ಧರ್ಮವನ್ನು ಮೀರಿದರೆ ಅವನನ್ನು ಕೇಳುವವರು ಯಾರು, ಅವನಿಗೆ ವಿಧಿಸುವ ದಂಡವು ನಿಜವಾಗಿ ಅವನಿಗೆ ತಾಗುತ್ತದೆಯೇ ಎಂಬುದನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶವು ಏರ್ಪಟ್ಟಿತು. ಗುಂಡ್ಲುಪೇಟೆಯ ಮಾರ್ಗವು ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಪ್ರವಾಸಿಗಳ ರಾಜಬೀದಿಯಾಗಿದೆ. ಇವುಗಳ ಮೇಲೆ, 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ವ್ಯವಸಾಯಗಾರರಲ್ಲದವರೂ ಸಾಗುವಳಿ ಜಮೀನನ್ನು ಕೊಳ್ಳಬಹುದಾಯಿತು. ಇದರಿಂದ ದೂರದ ಪಟ್ಟಣಗಳ ಹಣವು ನಮ್ಮ ಹೊಲಗಳತ್ತ ಹರಿಯುವ ದಾರಿ ತೆರೆಯಿತು. ಊರನ್ನು ಅರಿಯದ ಹಣವಂತನಿಗೂ, ಹಣವನ್ನು ಕಾಣದ ರೈತನಿಗೂ ನಡುವೆ ಒಬ್ಬನು ಬೇಕೇ ಬೇಕು. ಅವನೇ ದಲ್ಲಾಳಿ. ಅವನಿಗೆ ಅಂಗಡಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಕೈಯಲ್ಲೊಂದು ದೂರವಾಣಿ, ನಾಲಗೆಯಲ್ಲಿ ಸಿಹಿಮಾತು, ಇವೆರಡೇ ಅವನ ಬಂಡವಾಳ.

ದಲ್ಲಾಳಿಗಳೆಲ್ಲರೂ ವಂಚಕರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಪಹಣಿಯನ್ನು ತೆಗೆಸಿ ತೋರಿಸಿ, ಋಣಭಾರ ಪತ್ರವನ್ನು ಓದಿ ಹೇಳಿ, ಉಭಯತ್ರರಿಗೂ ನ್ಯಾಯವಾದ ಬೆಲೆಯನ್ನು ಕಟ್ಟಿ, ತನ್ನ ಕಮಿಷನ್ನನ್ನು ಮಾತ್ರ ಪಡೆದು ಹೋಗುವ ಮರ್ಯಾದಸ್ಥರು ನಮ್ಮಲ್ಲಿ ಇದ್ದಾರೆ. ದಂಡವಿಧಿಯು ಬಲವಾಗಿರಬೇಕೆಂದು ಮೊದಲು ಬಯಸಬೇಕಾದವರೂ ಅವರೇ. ಏಕೆಂದರೆ, ಒಬ್ಬ ಕಪಟಿಯು ಶಿಕ್ಷೆಯಿಲ್ಲದೆ ತಿರುಗಾಡಿದರೆ ಹತ್ತು ಮಂದಿ ಸತ್ಯವಂತರ ವೃತ್ತಿಗೆ ಕಳಂಕ ತಟ್ಟುತ್ತದೆ.

ಈ ವಿಷಯದಲ್ಲಿ ದೇಶಕ್ಕೆ ಕಾನೂನು ಇಲ್ಲದೆ ಇಲ್ಲ. ರೇರಾ ಎಂದು ಜನರು ಕರೆಯುವ ರಿಯಲ್ ಎಸ್ಟೇಟ್ ನಿಯಂತ್ರಣ ಶಾಸನವನ್ನು ಪಾರ್ಲಿಮೆಂಟು 2016ರಲ್ಲಿ ಅಂಗೀಕರಿಸಿತು. ಮರುವರ್ಷ, 2017ರ ಜುಲೈ ತಿಂಗಳಲ್ಲಿ, ನಮ್ಮ ಸರ್ಕಾರವು ಅದಕ್ಕೆ ಸಂಬಂಧಪಟ್ಟ ನಿಯಮಗಳನ್ನು ಪ್ರಕಟಿಸಿತು. ಅದರ ಒಂಬತ್ತನೆಯ ಪ್ರಕರಣದ ಮೇರೆಗೆ, ನೋಂದಾಯಿತ ಯೋಜನೆಯ ನಿವೇಶನವನ್ನಾಗಲಿ ಮನೆಯನ್ನಾಗಲಿ ಮಾರಿಸುವ ಏಜೆಂಟನು ತನ್ನ ಹೆಸರನ್ನು ಪ್ರಾಧಿಕಾರದಲ್ಲಿ ನೋಂದಾಯಿಸತಕ್ಕದ್ದು. ತಾನು ಕುದುರಿಸಿದ ಪ್ರತಿಯೊಂದು ಮಾರಾಟದಲ್ಲಿಯೂ ಆ ನೋಂದಣಿ ಸಂಖ್ಯೆಯನ್ನು ಕಾಣಿಸತಕ್ಕದ್ದು. ಹತ್ತನೆಯ ಪ್ರಕರಣದ ಮೇರೆಗೆ, ನೋಂದಣಿಯಾಗದ ಯೋಜನೆಯನ್ನು ಅವನು ಮಾರಿಸಕೂಡದು, ಲೆಕ್ಕಪತ್ರಗಳನ್ನು ಇಡಬೇಕು, ಸುಳ್ಳು ಜಾಹೀರಾತಿಗೆ ಎಡೆಕೊಡಬಾರದು, ಕೊಳ್ಳುವವನಿಗೆ ಸಲ್ಲತಕ್ಕ ದಾಖಲೆಗಳನ್ನು ಮುಂಗಡ ಪಡೆಯುವ ಹೊತ್ತಿಗೇ ದೊರಕಿಸಬೇಕು. ಷರತ್ತನ್ನು ಮೀರಿದವನ ಅಥವಾ ಮೋಸದಿಂದ ನೋಂದಣಿ ಪಡೆದವನ ಅಹವಾಲನ್ನು ಕೇಳಿ, ಅದನ್ನು ಅಮಾನತಿನಲ್ಲಿಡಲು ಇಲ್ಲವೆ ರದ್ದುಮಾಡಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಅರುವತ್ತೆರಡನೆಯ ಪ್ರಕರಣವು ದಂಡವನ್ನು ಗೊತ್ತುಪಡಿಸಿದೆ: ತಪ್ಪು ಮುಂದುವರಿದ ದಿನವೊಂದಕ್ಕೆ 10,000 ರೂಪಾಯಿ, ಒಟ್ಟಿನಲ್ಲಿ, ಮಾರಿಸಿದ ಸ್ವತ್ತಿನ ಬೆಲೆಯಲ್ಲಿ ನೂರಕ್ಕೆ 5ರ ವರೆಗೆ.

ಓದುವಾಗ ಈ ದಂಡವು ಭಯಂಕರವಾಗಿಯೇ ತೋರುತ್ತದೆ. ಲೆಕ್ಕ ಹಾಕಿದರೆ ಬೇರೆ ಸಂಗತಿ ಹೊರಬೀಳುತ್ತದೆ. ಜಿಲ್ಲಾ ಕೇಂದ್ರದ ಅಂಚಿನಲ್ಲಿ ಮೂವತ್ತು-ನಲವತ್ತು ಅಡಿ ಅಳತೆಯ ನಿವೇಶನವೊಂದು 6 ಲಕ್ಷ ರೂಪಾಯಿಗೆ ಮಾರಾಟವಾಯಿತೆಂದು ಇಟ್ಟುಕೊಳ್ಳೋಣ. ನೂರಕ್ಕೆ 5ರಂತೆ ಅದರ ಮೇಲಿನ ಗರಿಷ್ಠ ದಂಡ 30,000 ರೂಪಾಯಿ. ಅಂದರೆ, ದಿನಕ್ಕೆ ಹತ್ತು ಸಾವಿರದ ದಂಡವು ಮೂರನೆಯ ದಿನವೇ ಮುಗಿದುಹೋಗುತ್ತದೆ. ನಾಲ್ಕನೆಯ ದಿನದಿಂದ ಅಪರಾಧವು ಪುಕ್ಕಟೆ. ಇತ್ತ ಏಜೆಂಟನು ಎರಡೂ ಕಡೆಯಿಂದ ನೂರಕ್ಕೆ 2ರಂತೆ ಕಮಿಷನ್ ಪಡೆದನೆಂದರೆ ಅವನ ಸಂಪಾದನೆ 24,000. ರೈತನಿಗೆ ಒಂದು ಬೆಲೆ, ಕೊಳ್ಳುವವನಿಗೆ ಇನ್ನೊಂದು ಬೆಲೆ ಹೇಳಿ ನಡುವಿನ ಹಣವನ್ನು ಜೇಬಿಗಿಳಿಸಿದ್ದರೆ ಅದು ಬೇರೆ. ಅಂಥವನಿಗೆ ಈ ದಂಡವು ಶಿಕ್ಷೆಯಲ್ಲ, ವ್ಯಾಪಾರದ ಖರ್ಚು. ಬೆಂಗಳೂರಿನಲ್ಲಿ ಕೋಟಿ ರೂಪಾಯಿಯ ಮನೆಯನ್ನು ಮಾರಿಸಿದವನಿಗೆ ಇದೇ ವಿಧಿಯ ಮೇರೆಗೆ 5 ಲಕ್ಷದವರೆಗೆ ದಂಡ ಬೀಳಬಹುದು. ರಾಜಧಾನಿಯಲ್ಲಿ ಹಲ್ಲಿರುವ ಶಾಸನವು ಮೊಫಸ್ಸಿಲ್ ಊರಿಗೆ ಬರುವಷ್ಟರಲ್ಲಿ ಬೊಚ್ಚುಬಾಯಾಗುತ್ತದೆ. ಅದೂ ದಂಡವು ವಸೂಲಾದರೆ! ಕಟ್ಟದವನಿಂದ ಅದನ್ನು ಕಂದಾಯದ ಬಾಕಿಯಂತೆ ವಸೂಲು ಮಾಡಬಹುದೆಂದು ಶಾಸನದಲ್ಲಿದೆ. ಆದರೆ ರೇರಾದಿಂದ ಹೊರಟ ವಸೂಲಿ ಪತ್ರಗಳ ಪೈಕಿ ನೂರಾರು ಕೋಟಿ ರೂಪಾಯಿ ಬಾಕಿಯುಳಿದ ಸಂಗತಿಯನ್ನು ನಮ್ಮ ವಾಚಕರು ಅರಿಯದವರಲ್ಲ. ವಸೂಲಾದ ದಂಡವಾದರೂ ಸರ್ಕಾರದ ಬೊಕ್ಕಸಕ್ಕೆ ಸೇರುವುದೇ ಹೊರತು ಮೋಸಹೋದವನ ಕೈಗೆ ಬರುವುದಿಲ್ಲ.

ಇದಕ್ಕಿಂತಲೂ ದೊಡ್ಡ ಕೊರತೆ ಇನ್ನೊಂದಿದೆ. 500 ಚದರ ಮೀಟರಿಗೆ ಮೀರದ ಜಮೀನಿನಲ್ಲಿ ಮಾಡಿದ ನಿವೇಶನಗಳಿಗೆ ಯೋಜನಾ ನೋಂದಣಿ ಬೇಡ. ನಮ್ಮ ಲೆಕ್ಕದಲ್ಲಿ ಅದು ಐದು ಗುಂಟೆಗೆ ಕೊಂಚ ಕಡಿಮೆ. ಮೂವತ್ತು-ನಲವತ್ತರ ನಾಲ್ಕು ನಿವೇಶನಗಳು ಅದರೊಳಗೆ ಹಿಡಿಯುತ್ತವೆ. ನೋಂದಣಿಯ ಕಡ್ಡಾಯವು ಯೋಜನಾ ಪ್ರದೇಶವೆಂದು ಗೊತ್ತುಮಾಡಿದ ಎಲ್ಲೆಗೆ ಮಾತ್ರ ಅನ್ವಯಿಸುತ್ತದೆ. ಒಬ್ಬರು ಕೊಂಡ ನಿವೇಶನವನ್ನು ಮತ್ತೊಬ್ಬರಿಗೆ ಮಾರಿಸುವ ಏಜೆಂಟನಿಗೆ ಇದರ ಬಾಧೆಯಿಲ್ಲ. ಹೊಲವನ್ನು ಹೊಲವಾಗಿಯೇ ಮಾರಿಸುವವನಿಗೂ ಇಲ್ಲ. ಹೀಗೆ ನೋಡಿದರೆ, ಶುಲ್ಕ ಕಟ್ಟಿ, ಹೆಸರು ಬರೆಸಿ, ವಿಳಾಸ ಕೊಟ್ಟವನು ಮಾತ್ರ ದಂಡದ ಕೈಗೆ ಸಿಕ್ಕುತ್ತಾನೆ; ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದವನು ನಿರ್ಭಯವಾಗಿ ತಿರುಗಾಡುತ್ತಾನೆ. ಬಾಗಿಲಿನಿಂದ ಬಂದವನನ್ನು ತಡೆದು ವಿಚಾರಿಸಿ, ಗೋಡೆ ಹಾರಿ ಬಂದವನನ್ನು ಬಿಟ್ಟಂತಾಯಿತು.

ಗೋಡೆ ಹಾರಿದವನಿಂದ ಆಗುವ ನಷ್ಟವೇನು ಸಾಮಾನ್ಯವೇ? ಭೂಪರಿವರ್ತನೆಯಾಗದ ಜಮೀನಿನಲ್ಲಿ ಕಲ್ಲು ನೆಟ್ಟು ಸುಣ್ಣ ಬಳಿದು ‘ರೆವಿನ್ಯೂ ಸೈಟು’ ಎಂದು ಮಾರಿಸಿದರೆ, ಕೊಂಡವನು ಮನೆ ಕಟ್ಟಲು ಪರವಾನಿಗೆಗೂ, ಬ್ಯಾಂಕಿನ ಸಾಲಕ್ಕೂ, ಖಾತೆಗೂ ವರುಷಗಟ್ಟಲೆ ಅಲೆಯಬೇಕಾಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆಯು ನಿಷೇಧಿಸಿದೆ. 2023ರ ತಿದ್ದುಪಡಿಯಿಂದ, ಅಂಥ ಜಮೀನನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯೂ ಇಲ್ಲವಾಯಿತು. ಈ ಸಂಗತಿಯನ್ನು ಮುಚ್ಚಿಟ್ಟು ಮಾರಿಸಿದ ದಲ್ಲಾಳಿಯು ಎರಡು ಮನೆಗಳನ್ನು ಕೆಡಿಸಿದಂತೆ. ಬಡವನು ಅಲ್ಪ ಬೆಲೆಗೆ ಭೂಮಿಯನ್ನು ಬಿಡುತ್ತಾನೆ. ನಿವೃತ್ತಿಯ ಕಾಲದ ಗ್ರಾಚುಯಿಟಿಯನ್ನೆಲ್ಲ ಸುರಿದು ಕೊಂಡ ಉಪಾಧ್ಯಾಯನೋ ಗುಮಾಸ್ತನೋ ಮುಂದೊಂದು ದಿನ ಅಸಿಸ್ಟೆಂಟ್ ಕಮಿಷನರ ಕಚೇರಿಯ ಮೆಟ್ಟಿಲ ಮೇಲೆ ನಿಲ್ಲುತ್ತಾನೆ. ಆ ಹೊತ್ತಿಗೆ ದಲ್ಲಾಳಿಯು ಕಮಿಷನ್ನನ್ನು ತಿಂದು ನೀರು ಕುಡಿದಿರುತ್ತಾನೆ.

ವಿಚಿತ್ರವೇನೆಂದರೆ, ನಮ್ಮ ನಾಡಿನಲ್ಲಿ ಇದಕ್ಕಿಂತ ಚಿಕ್ಕ ಕೆಲಸಗಳಿಗೆ ಪರವಾನಿಗೆಯಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತು ಕ್ರಯಪತ್ರ ಬರೆಯುವ ಪತ್ರಬರಹಗಾರನಿಗೆ ಲೈಸೆನ್ಸು ಬೇಕು. ಮಾರುಕಟ್ಟೆಯ ಪ್ರಾಂಗಣದಲ್ಲಿ ಅರಿಸಿನದ ಮೂಟೆಯನ್ನು ಮಾರಿಸುವ ಮಂಡಿಯವನಿಗೆ ಲೈಸೆನ್ಸು ಬೇಕು. ರೈತನ ಹಣವನ್ನು ತಡೆದರೆ ಅದು ಹೋದೀತೆಂಬ ಅಂಜಿಕೆ ಅವನಿಗುಂಟು. ಅರಿಸಿನವನ್ನು ಮಾರಿಸುವವನಿಗೆ ಇರುವ ಕಟ್ಟುಪಾಡು, ಅರಿಸಿನ ಬೆಳೆಯುವ ನೆಲವನ್ನೇ ಮಾರಿಸುವವನಿಗೆ ಏಕಿಲ್ಲ?

ಇದಕ್ಕೆ ಬರುವ ಆಕ್ಷೇಪಣೆಯನ್ನೂ ನಾವು ಬಲ್ಲೆವು. ಹಳ್ಳಿಯಲ್ಲಿ ವರುಷಕ್ಕೆ ಒಂದೆರಡು ವ್ಯಾಪಾರ ಕುದುರಿಸುವವನ ತಲೆಯ ಮೇಲೆ ಪರವಾನಿಗೆಯನ್ನು ಹೇರಿದರೆ ಬಡವನ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ, ಲೈಸೆನ್ಸು ಕೊಡುವ ಕಚೇರಿಯೇ ಲಂಚದ ಹೊಸ ಬಾಗಿಲಾಗದೇ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಈಗಿನ ನಿಯಮದಂತೆ ವ್ಯಕ್ತಿಯೊಬ್ಬನು ಐದು ವರುಷದ ನೋಂದಣಿಗೆ ಕಟ್ಟಬೇಕಾದ ಶುಲ್ಕ 25,000 ರೂಪಾಯಿ. ಬೆಂಗಳೂರಿನ ಏಜೆಂಟನಿಗೆ ಇದು ಹಗುರ, ಹಳ್ಳಿಯವನಿಗೆ ಭಾರ. ಆದಕಾರಣ ಶುಲ್ಕವು ಊರಿಗೆ ತಕ್ಕಂತೆ ಇಳಿಯಲಿ. ಆದರೆ ಶುಲ್ಕವನ್ನು ಇಳಿಸುವುದು ಬೇರೆ, ಹೊಣೆಯನ್ನು ಇಳಿಸುವುದು ಬೇರೆ.

ಅನ್ಯರ ಅನುಭವವು ನಮಗೆ ದಾರಿ ತೋರಿಸಬಲ್ಲದು. ಹರಿಯಾಣದವರು ರೇರಾ ಹುಟ್ಟುವುದಕ್ಕೆ ಮೊದಲೇ, 2008ರಲ್ಲಿ, ಆಸ್ತಿ ದಲ್ಲಾಳಿಗಳ ಪರವಾನಿಗೆಗಾಗಿ ಪ್ರತ್ಯೇಕ ಕಾಯಿದೆ ಮಾಡಿದರು. ಮಹಾರಾಷ್ಟ್ರದ ಪ್ರಾಧಿಕಾರವು 2023ರಲ್ಲಿ ಏಜೆಂಟರಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ವಿಧಿಸಿ, ಅರ್ಹತಾಪತ್ರವನ್ನು ಒಪ್ಪಿಸದ ಸಹಸ್ರಾರು ಮಂದಿಯ ನೋಂದಣಿಯನ್ನು ಅಮಾನತಿನಲ್ಲಿಟ್ಟಿತು. ಸಿಂಗಪುರದಲ್ಲಿ 2010ರ ಶಾಸನದ ಮೇರೆಗೆ ಏಜೆಂಟರ ಸಾರ್ವಜನಿಕ ಪಟ್ಟಿಯೊಂದಿದೆ. ಯಾರೇ ಆಗಲಿ ಅದನ್ನು ತೆರೆದು, ತನ್ನೆದುರು ನಿಂತವನು ನೋಂದಾಯಿತನೇ, ಅವನ ಮೇಲೆ ಶಿಸ್ತಿನ ಕ್ರಮವೇನಾದರೂ ನಡೆದಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬಹುದು. ನಮ್ಮ ಅಭಿಪ್ರಾಯದಲ್ಲಿ ದಂಡವಿಧಿಯ ತಿರುಳು ಇರುವುದು ಇಲ್ಲಿಯೇ. ಮೋಸ ನಡೆದ ಮೇಲೆ ಸರ್ಕಾರವು ವಸೂಲು ಮಾಡುವ ಮೂವತ್ತು ಸಾವಿರಕ್ಕಿಂತ, ಮುಂದಿನ ಗಿರಾಕಿಗೆ ಮೊದಲೇ ತಿಳಿಯುವ ಒಂದು ಸಾಲಿನ ಬರಹವು ಹೆಚ್ಚು ಬಲವುಳ್ಳದ್ದು. ವಿಶ್ವಾಸವೇ ದಲ್ಲಾಳಿಯ ಬಂಡವಾಳವಾದ್ದರಿಂದ, ದಂಡವು ಅಲ್ಲಿ ತಟ್ಟಿದರೆ ಮಾತ್ರ ಅವನಿಗೆ ತಟ್ಟುತ್ತದೆ.

ಆದಕಾರಣ ನಾವು ಸರ್ಕಾರದವರಲ್ಲಿ ಬಿನ್ನವಿಸುವುದು ಇಷ್ಟು. ಹಳ್ಳಿಯ ಜಮೀನು, ಮರುಮಾರಾಟದ ನಿವೇಶನ, ಐದು ಗುಂಟೆಯೊಳಗಿನ ತುಂಡು, ಯಾವುದೇ ಆಗಲಿ, ಕಮಿಷನ್ನಿಗಾಗಿ ಭೂಮಿಯನ್ನು ಮಾರಿಸುವ ಪ್ರತಿಯೊಬ್ಬನ ಹೆಸರೂ ಜಿಲ್ಲೆಯ ಪಟ್ಟಿಯೊಂದರಲ್ಲಿ ಅಲ್ಪ ಶುಲ್ಕಕ್ಕೆ ದಾಖಲಾಗುವಂತೆ ರಾಜ್ಯದ ಶಾಸನಸಭೆಯು ಕಾಯಿದೆ ಮಾಡಲಿ. ಕ್ರಯಪತ್ರದಲ್ಲಿ ದಲ್ಲಾಳಿಯ ಹೆಸರು, ಸಂಖ್ಯೆ, ಪಡೆದ ಕಮಿಷನ್ ಇವಿಷ್ಟಕ್ಕೆ ಒಂದು ಕಲಮು ಇರಲಿ; ದಲ್ಲಾಳಿಯಿಲ್ಲದಿದ್ದರೆ ಇಲ್ಲವೆಂದು ಉಭಯತ್ರರೂ ಬರೆದುಕೊಡಲಿ. ಅಮಾನತಾದವರ ಮತ್ತು ರದ್ದಾದವರ ಪಟ್ಟಿಯು ಪ್ರತಿಯೊಂದು ಸಬ್‌ರಿಜಿಸ್ಟ್ರಾರ್ ಕಚೇರಿಯ, ತಾಲ್ಲೂಕು ಕಚೇರಿಯ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಕಾಣಲಿ. ಹರದನಹಳ್ಳಿಯ ರೈತನಿಗೆ ಓದಲು ಬಾರದ ಭಾಷೆಯಲ್ಲಿ ಹೊರಟ ಆಜ್ಞೆಯು ಅವನ ಪಾಲಿಗೆ ಹೊರಡದ ಆಜ್ಞೆಯೇ ಸರಿ. ದಂಡಕ್ಕೆ ನೂರಕ್ಕೆ ಐದರ ಮೇಲ್ಮಿತಿಯೊಡನೆ ಒಂದು ಕನಿಷ್ಠ ಮಿತಿಯೂ ಇರಲಿ. ಪಡೆದ ಕಮಿಷನ್ನು ಮೊದಲು ಮೋಸಹೋದವನಿಗೆ ಹಿಂದಿರುಗಲಿ. ಕಡೆಯದಾಗಿ, ವಸೂಲಿಯ ಕಾಗದವು ತಹಶೀಲ್ದಾರರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತೆಂಬುದಕ್ಕೆ ಜಿಲ್ಲಾಧಿಕಾರಿಗಳು ತಿಂಗಳಿಗೊಮ್ಮೆ ಲೆಕ್ಕ ಕೇಳಲಿ.

ಮಹಾಜನರಿಗೂ ಒಂದು ಮಾತು. ಕಾಯಿದೆಯು ಬರುವ ತನಕ ಕಾಯಬೇಕಾಗಿಲ್ಲ. ನಿವೇಶನ ತೋರಿಸಲು ಬಂದವನನ್ನು ‘ಸ್ವಾಮಿ, ತಮ್ಮ ರೇರಾ ಸಂಖ್ಯೆ ಯಾವುದು? ಈ ಬಡಾವಣೆಯ ಸಂಖ್ಯೆ ಯಾವುದು?’ ಎಂದು ಕೇಳುವುದಕ್ಕೆ ಖರ್ಚಿಲ್ಲ. ಸಂಖ್ಯೆ ಹೇಳಿದರೆ ಪ್ರಾಧಿಕಾರದ ಅಂತರ್ಜಾಲದ ಪಟ್ಟಿಯಲ್ಲಿ ಅದನ್ನು ತಾಳೆ ನೋಡಬಹುದು. ಹೇಳದಿದ್ದರೆ ಏಕಿಲ್ಲವೆಂದು ವಿಚಾರಿಸಿ, ಭೂಪರಿವರ್ತನೆಯ ಆಜ್ಞೆಯನ್ನೂ ಮೂಲ ಮಂಜೂರಾತಿಯ ಕಾಗದವನ್ನೂ ಕಂಡ ಹೊರತು ಮುಂಗಡದ ಕೈಯನ್ನು ಬಿಗಿ ಹಿಡಿಯಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಇಂದಿನ ದಂಡವಿಧಿಯು ಹಾಗೆ ತಡವಾಗಿ ಮುಚ್ಚುವ ಬಾಗಿಲು. ಅದನ್ನು ಸೂರೆಗೆ ಮೊದಲೇ ಮುಚ್ಚುವಂತೆ ಮಾಡುವುದು ಸರ್ಕಾರದ ಕರ್ತವ್ಯ. ಅಲ್ಲಿಯವರೆಗೆ ಬಾಗಿಲಲ್ಲಿ ಎಚ್ಚರವಾಗಿ ನಿಲ್ಲುವುದು ನಮ್ಮೆಲ್ಲರ ಕರ್ತವ್ಯ.