ಐಪಿಒ ಬೆಲೆ ಯಾರ ಅವಸರಕ್ಕೆ?

“ದೊಡ್ಡ ದೊಡ್ಡ ವಿಸಿಗಳು ದುಡ್ಡು ಹಾಕಿದ್ದಾರೆ ಗುರೂ, ಕಣ್ಣು ಮುಚ್ಕೊಂಡು ಅಪ್ಲೈ ಮಾಡು.” ಯಾವುದೇ ಸ್ಟಾರ್ಟಪ್ಪಿನ ಐಪಿಒ ಬರಲಿ, ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಬಂದೇ ಬರುತ್ತೆ. ಸ್ವಲ್ಪ ತಡೀರಿ. ಅವರು ದುಡ್ಡು ಹಾಕಿದ್ದು ಯಾವಾಗಲೋ. ಈಗ ಅವರು ಬಂದಿರೋದು ತೆಗೆಯೋಕೆ. ಮಾರೋನ ಹೆಸರನ್ನೇ ಸರಕಿನ ಗ್ಯಾರಂಟಿ ಅಂತ ಓದೋದು ಯಾವ ಲೆಕ್ಕ?

ಈ ನಂಬಿಕೆಗೆ ಪಾಂಡಿತ್ಯದ ಬೆಂಬಲವೂ ಇದೆ. 1991ರಲ್ಲಿ ಅಮೆರಿಕದ ಮೆಗಿನ್ಸನ್ ಮತ್ತು ವೈಸ್ ಅನ್ನೋ ಸಂಶೋಧಕರು, ವೆಂಚರ್ ಕ್ಯಾಪಿಟಲ್ ಇರುವ ಕಂಪನಿಗಳ ಐಪಿಒ ಬೆಲೆ ನಿಜವಾದ ಮೌಲ್ಯಕ್ಕೆ ಹೆಚ್ಚು ಹತ್ತಿರ ಇರುತ್ತೆ ಅಂದರು. ವಿಸಿಗಳು ಮಾರುಕಟ್ಟೆಗೆ ಮತ್ತೆ ಮತ್ತೆ ಬರಬೇಕಾದವರು, ಹೆಸರು ಕೆಡಿಸಿಕೊಳ್ಳಲ್ಲ ಅನ್ನೋದು ವಾದ. ಐದೇ ವರ್ಷದಲ್ಲಿ, 1996ರಲ್ಲಿ, ಪಾಲ್ ಗಾಂಪರ್ಸ್ ಇನ್ನೊಂದು ಮುಖ ತೋರಿಸಿದರು. ಹೊಸ ವಿಸಿ ಸಂಸ್ಥೆಗಳು ಮುಂದಿನ ಫಂಡಿಗೆ ದುಡ್ಡು ಎತ್ತಬೇಕಲ್ಲ, ಅದಕ್ಕೆ “ನೋಡಿ, ನಮ್ಮ ಕಂಪನಿ ಲಿಸ್ಟ್ ಆಯ್ತು” ಅಂತ ತೋರಿಸೋಕೆ ಕಂಪನಿಗಳನ್ನ ಬೇಗ ಮಾರುಕಟ್ಟೆಗೆ ತರುತ್ತವೆ, ಅಗ್ಗಕ್ಕೂ ಬಿಡುತ್ತವೆ ಅಂತ. ಅಂದ್ರೆ ಬೆಲೆ ಕಟ್ಟೋದರಲ್ಲಿ ಕಂಪನಿಯ ತೂಕದಷ್ಟೇ ಫಂಡಿನ ಕ್ಯಾಲೆಂಡರಿಗೂ ಪಾಲಿದೆ. ವಿಸಿ ಫಂಡಿನ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ದುಡ್ಡು ಕೊಟ್ಟವರಿಗೆ ವಾಪಸ್ ಕೊಡಬೇಕು.

ಇನ್ನು ಬೆಲೆಗೆ ಆಧಾರ ಯಾವುದು? “ಹೋದ ಸುತ್ತಿನಲ್ಲಿ ಕಂಪನಿಯ ಮೌಲ್ಯ ಇಷ್ಟಿತ್ತು” ಅನ್ನೋದು. ಆದರೆ ಆ ಸುತ್ತಿನಲ್ಲಿ ವಿಸಿ ಕೊಂಡಿದ್ದು ಸಾಮಾನ್ಯವಾಗಿ ರಕ್ಷಣೆ ಇರುವ ಷೇರು: ಕಂಪನಿ ಮಾರಾಟವಾದರೆ ಮೊದಲು ಅವರ ದುಡ್ಡು, ಆಮೇಲೆ ಮಿಕ್ಕವರದು. ಆ ವಿಶೇಷ ಷೇರಿನ ರೇಟನ್ನ ಕಂಪನಿಯ ಎಲ್ಲಾ ಷೇರುಗಳಿಗೂ ಗುಣಿಸಿ “ಯೂನಿಕಾರ್ನ್” ಅಂತಾರೆ. ನಮಗೆ ಸಿಗೋದು ರಕ್ಷಣೆಯಿಲ್ಲದ ಸಾದಾ ಷೇರು. ಅಮೆರಿಕದ ಸ್ಕ್ವೇರ್ ಕಂಪನಿಯನ್ನೇ ನೋಡಿ. 2014ರ ಸುತ್ತಿನಲ್ಲಿ ಷೇರಿಗೆ 15.46 ಡಾಲರ್, 2015ರ ಐಪಿಒದಲ್ಲಿ 9 ಡಾಲರ್. ಆ ಕೊನೇ ಸುತ್ತಿನವರಿಗೆ ನಷ್ಟ ಆಗಲಿಲ್ಲ. ಕನಿಷ್ಠ 20% ಲಾಭ ಅಂತ ಒಪ್ಪಂದದಲ್ಲೇ ಬರೆಸಿಕೊಂಡಿದ್ದರು, ಹೆಚ್ಚುವರಿ ಷೇರು ಸಿಕ್ಕಿತು. ನಿಮ್ಮ ಅಪ್ಲಿಕೇಶನ್ನಿನಲ್ಲಿ ಅಂಥ ಕಾಲಂ ಎಲ್ಲಾದ್ರೂ ಇದೆಯಾ?

ನಮ್ಮಲ್ಲಿ ಪೇಟಿಎಂ. 2021ರ ನವೆಂಬರಿನಲ್ಲಿ 18,300 ಕೋಟಿ ರೂಪಾಯಿಯ ಐಪಿಒ, ಆಗಿನ ಮಟ್ಟಿಗೆ ದೇಶದಲ್ಲೇ ದೊಡ್ಡದು. ಅದರಲ್ಲಿ 10,000 ಕೋಟಿ ಕಂಪನಿಗೆ ಬರಲೇ ಇಲ್ಲ, ಹಳೇ ಷೇರುದಾರರಿಗೆ ಹೋಯಿತು. ಮಾರಿದವರಲ್ಲಿ ಆಂಟ್, ಸಾಫ್ಟ್‌ಬ್ಯಾಂಕ್ ಇದ್ದವು. 2019ರ ಸುತ್ತಿನಲ್ಲಿ ಮೌಲ್ಯ 1,600 ಕೋಟಿ ಡಾಲರ್, ಐಪಿಒದಲ್ಲಿ ಅದಕ್ಕಿಂತ ಮೇಲೆ. ಷೇರಿಗೆ 2,150 ರೂಪಾಯಿ. ಲಿಸ್ಟ್ ಆದ ದಿನವೇ 27% ಕುಸಿತ. ಸಂಜೆ ಹೊತ್ತಿಗೆ ಮಾರಿದವರ ಬ್ಯಾಗು ಭರ್ತಿ, ಕೊಂಡವರ ಮುಖ ಸಣ್ಣ.

“ಜೊಮ್ಯಾಟೊ ನೋಡಿ ಸ್ವಾಮಿ, 76ಕ್ಕೆ ಕೊಟ್ಟರು, ಮೊದಲ ದಿನವೇ 115 ದಾಟಿತು, 2024ರಲ್ಲಿ 250 ದಾಟಿತು” ಅನ್ನಬಹುದು. ನಿಜ. ಆದರೆ ಮಧ್ಯದ ಅಧ್ಯಾಯ ಬಿಟ್ಟುಬಿಡಬೇಡಿ. 2022ರ ಜುಲೈನಲ್ಲಿ ಹಳೇ ಹೂಡಿಕೆದಾರರ ಒಂದು ವರ್ಷದ ಲಾಕ್-ಇನ್ ಮುಗಿದಾಗ ಒಂದೇ ದಿನ ಶೇರು 11% ಬಿತ್ತು, ಆಮೇಲೆ 40ರ ಆಸುಪಾಸಿಗೆ ಇಳಿಯಿತು. ಐಪಿಒ ದಿನ ಸ್ವಲ್ಪವೇ ಮಾರಿ ಮಿಕ್ಕಿದ್ದನ್ನ ಲಾಕ್-ಇನ್ ಮುಗಿದ ಮೇಲೆ ಮಾರೋರಿಗೆ ಮೊದಲ ದಿನದ ಜಿಗಿತ ಪುಕ್ಕಟೆ ಜಾಹೀರಾತು. ದುಬಾರಿಯಾದರೂ ಅವರಿಗೆ ಲಾಭ, ಅಗ್ಗವಾದರೂ ಅವರಿಗೇ ಲಾಭ.

ಸೆಬಿಗೆ ಇದು ಗೊತ್ತಿಲ್ಲ ಅಂತಲ್ಲ. ಲಾಭದ ಇತಿಹಾಸ ಇಲ್ಲದ ಕಂಪನಿಗಳ ಐಪಿಒದಲ್ಲಿ ಸಣ್ಣ ಹೂಡಿಕೆದಾರರಿಗೆ 10%ಕ್ಕಿಂತ ಹೆಚ್ಚು ಇಡುವಂತಿಲ್ಲ ಅಂತ ನಿಯಮವಿದೆ. ಅದು ಎಚ್ಚರಿಕೆಯ ಬೋರ್ಡು. ನಾವೋ, “ಸಿಗೋದೇ ಕಷ್ಟ, ಬೇಗ ಹಾಕು” ಅಂತ ಅದನ್ನೇ ಆಮಿಷ ಮಾಡಿಕೊಂಡಿದ್ದೀವಿ. ಇದೇ ಸೆಬಿ 2021ರಲ್ಲಿ ಪ್ರವರ್ತಕರಲ್ಲದ ಹಳೇ ಷೇರುದಾರರ ಲಾಕ್-ಇನ್ನನ್ನ ಒಂದು ವರ್ಷದಿಂದ ಆರು ತಿಂಗಳಿಗೆ ಇಳಿಸಿತು. ಲಾಭವನ್ನೇ ಕಾಣದ ಕಂಪನಿಗಳಿಗಾದರೂ ಆ ಒಂದು ವರ್ಷ ವಾಪಸ್ ಬರಲಿ. ಬೆಲೆ ಸರಿಯಿದೆ ಅನ್ನೋರಿಗೆ ಇನ್ನಾರು ತಿಂಗಳು ಕಾಯೋಕೆ ಏನು ಕಷ್ಟ?

ಮಾರೋರು ತಮ್ಮ ಷೇರನ್ನ ಸರಾಸರಿ ಎಷ್ಟಕ್ಕೆ ಕೊಂಡಿದ್ದರು ಅನ್ನೋದು ಪ್ರಾಸ್ಪೆಕ್ಟಸ್ಸಿನಲ್ಲಿ ಇರುತ್ತೆ. ಅದು ನೂರಾರು ಪುಟದ ಪಿಡಿಎಫ್‌ನಲ್ಲಿ ಇದ್ದರೆ ಸಾಲದು. ನೀವು ಯುಪಿಐ ಒತ್ತುವ ಪರದೆಯಲ್ಲೇ, ಪ್ರೈಸ್ ಬ್ಯಾಂಡಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು. ಅಲ್ಲೀವರೆಗೆ ನಾವೇ ಪಿಡಿಎಫ್ ತೆಗೆದು ನೋಡಬೇಕು. ಒಂದು ಥರ್ಟಿ-ಫಾರ್ಟಿ ಸೈಟು ಕೊಳ್ಳೋಕೆ ಇಸಿ ತೆಗೆಸಿ, ಮೂಲಪತ್ರ ನೋಡಿ, ವಕೀಲರಿಗೆ ಫೀಸು ಕೊಟ್ಟು ಕೇಳ್ತೀವಿ. ಮಾರೋನು ಯಾಕೆ ಮಾರ್ತಿದ್ದಾನೆ ಅಂತ ಅಕ್ಕಪಕ್ಕದವರನ್ನೂ ವಿಚಾರಿಸ್ತೀವಿ. ಷೇರಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಯಾಕೆ ಕೇಳಬಾರದು?