ಮಗು ಒಂದು, ತರಬೇತಿ ಹಲವು

ನಮ್ಮ ಅರಕೆರೆಯಂಥ ಊರಿನಲ್ಲಿ ಕಿವಿ ಕೇಳದ ಕೂಸನ್ನು ಮೊದಲು ಕಾಣುವವರು ಅಂಗನವಾಡಿಯ ಕಾರ್ಯಕರ್ತೆ. ಪರೀಕ್ಷಿಸಬಲ್ಲ ತಜ್ಞರಾದರೋ ಮೈಸೂರಿನಲ್ಲಿ. 1965ರಲ್ಲಿ ಸ್ಥಾಪಿತವಾದ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸೇವೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರೆಗೂ ಚಾಚಿದೆಯೆಂಬುದು ಸಂತೋಷದ ಸಂಗತಿ. 2016ರ ಕಾಯಿದೆಯೂ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಆದರೆ ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ದಾದಿಯರು, ಕಾರ್ಯಕರ್ತೆಯರು ಕಲಿಯುವುದು ಬೇರೆ ಬೇರೆ ಸೂರುಗಳಡಿಯಲ್ಲಿ. ನುಡಿ ಮೊಳೆಯುವ ಮೊದಲ ವರ್ಷಗಳು ಇವರು ಪರಸ್ಪರ ಪರಿಚಿತರಾಗುವವರೆಗೆ ಕಾಯುವುದುಂಟೆ? ಮೈಸೂರು, ಮಂಡ್ಯಗಳ ತರಬೇತಿ ಕೇಂದ್ರಗಳು ಕೂಡಿ ಕನ್ನಡದಲ್ಲಿಯೇ ಒಂದು ಸಮಾನ ಪಾಠವನ್ನು ರೂಪಿಸಲಿ. ಅವುಗಳ ವಿದ್ಯಾರ್ಥಿಗಳು ತಿಂಗಳ ಕಾಲವಾದರೂ ಹಳ್ಳಿಯಲ್ಲಿ ಒಟ್ಟಿಗೆ ದುಡಿಯಲಿ. ಯಾವ ನುಡಿಯೂ ದಕ್ಕದೆ ಬೆಳೆಯುವ ಮಗುವಿಗಿಂತ ದೊಡ್ಡ ಭಾಷಾಸಮಸ್ಯೆ, ಕನ್ನಡ ಬೋಧಿಸುವ ನನಗೆ ಬೇರೆ ಕಾಣದು.