ಮಾಜಿ ಸೈನಿಕರ ಶಿಕ್ಷಣ: ನೆರವು ಘೋಷಿಸಿದರೆ ಸಾಲದು, ತಲುಪಲೂ ಬೇಕು

ಸೇನೆಯಿಂದ ಮರಳಿದವರ ಓದಿಗೆ ಸರಕಾರ ನೆರವಾಗುವ ವಿಚಾರದಲ್ಲಿ ಅಮೆರಿಕದ ಅನುಭವ ಗಮನಿಸತಕ್ಕದ್ದು. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯ್ದೆ 'ಜಿ.ಐ. ಬಿಲ್' ಎಂದು ಹೆಸರಾಯಿತು. ಅದರಡಿ 1956ರ ವೇಳೆಗೆ ಸುಮಾರು 78 ಲಕ್ಷ ಮಂದಿ ಶಿಕ್ಷಣ ಅಥವಾ ತರಬೇತಿ ಪಡೆದರು. ಆದರೆ ವರ್ಣಭೇದವಿದ್ದ ದಕ್ಷಿಣದ ರಾಜ್ಯಗಳಲ್ಲಿ ಅನೇಕ ಕಪ್ಪು ಸೈನಿಕರಿಗೆ ಕಾಲೇಜಿನ ಬಾಗಿಲು ತೆರೆಯಲೇ ಇಲ್ಲ.

1980ರ ದಶಕದಲ್ಲಿ ಬಂದ ಯೋಜನೆಯಲ್ಲಿ ಸೈನಿಕರೇ ತಿಂಗಳಿಗೆ 100 ಡಾಲರಿನಂತೆ ಒಂದು ವರ್ಷ ತಮ್ಮ ಸಂಬಳದಿಂದ ಕೊಡಬೇಕಾಗಿತ್ತು. ಸಿಗುತ್ತಿದ್ದ ಮೊತ್ತವೂ ಏರುತ್ತಿದ್ದ ಶುಲ್ಕಕ್ಕೆ ಸಾಲುತ್ತಿರಲಿಲ್ಲ. ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ನಡುವೆ, ಸ್ವತಃ ವಿಯೆಟ್ನಾಂನಲ್ಲಿ ಹೋರಾಡಿದ್ದ ಸೆನೆಟರ್ ಜಿಮ್ ವೆಬ್ ಹೊಸ ಮಸೂದೆ ತಂದರು. ಓದಿನ ಆಸೆಯಿಂದ ಸೈನಿಕರು ಬೇಗ ಸೇನೆ ಬಿಟ್ಟಾರು ಎಂಬ ಆತಂಕ ರಕ್ಷಣಾ ಇಲಾಖೆಯಲ್ಲಿತ್ತು. ಕೊನೆಗೆ 2008ರಲ್ಲಿ ಅದು ಕಾನೂನಾಯಿತು. ಪೂರ್ಣ ಅರ್ಹತೆ ಇದ್ದವರಿಗೆ 36 ತಿಂಗಳ ಕಾಲ ಸರಕಾರಿ ಕಾಲೇಜಿನ ಶುಲ್ಕ, ವಸತಿ ಭತ್ಯೆ, ಪುಸ್ತಕದ ಹಣ ದೊರೆಯಿತು. ಸೇವೆ ಮುಂದುವರಿಸಲು ಒಪ್ಪಿದವರು ಈ ಸೌಲಭ್ಯವನ್ನು ಪತ್ನಿಗೆ ಅಥವಾ ಪತಿಗೆ, ಮಕ್ಕಳಿಗೆ ವರ್ಗಾಯಿಸಬಹುದಾಯಿತು.

ಹಣ ಹೆಚ್ಚಿದಂತೆ ಅದರ ಮೇಲೆ ಕಣ್ಣಿಟ್ಟವರೂ ಹೆಚ್ಚಿದರು. ಲಾಭಕ್ಕಾಗಿ ನಡೆಯುವ ಕಾಲೇಜುಗಳು ಆದಾಯದ ಕನಿಷ್ಠ 10 ಶೇಕಡಾವನ್ನು ಕೇಂದ್ರ ಸರಕಾರದ ವಿದ್ಯಾರ್ಥಿ ನೆರವಿನ ಹೊರಗಿನಿಂದ ಗಳಿಸಬೇಕೆಂಬ ನಿಯಮವಿತ್ತು. ಸೈನಿಕರ ನೆರವು ಸರಕಾರದ್ದೇ ಆದರೂ ಈ 10 ಶೇಕಡಾದಲ್ಲಿ ಲೆಕ್ಕವಾಗುತ್ತಿತ್ತು. ಹಾಗಾಗಿ ಮಾಜಿ ಸೈನಿಕರನ್ನು ಸೆಳೆಯಲು ಅವು ಪೈಪೋಟಿಗಿಳಿದವು. 2015ರಲ್ಲಿ ಕೊರಿಂಥಿಯನ್, 2016ರಲ್ಲಿ ಐ.ಟಿ.ಟಿ. ಸಂಸ್ಥೆಗಳು ಮುಚ್ಚಿದಾಗ ಅಲ್ಲಿ ಓದುತ್ತಿದ್ದವರ ಪದವಿಯೂ ನಿಂತಿತು, ಬಳಸಿದ ತಿಂಗಳುಗಳೂ ವ್ಯರ್ಥವಾದವು.

2017ರ ಕಾನೂನು ಹೀಗೆ ನಷ್ಟವಾದ ಅವಧಿಯನ್ನು ಮರಳಿಸಿತು. 2013ರ ಜನವರಿ 1ರಿಂದೀಚೆಗೆ ಸೇವೆ ಬಿಟ್ಟವರಿಗೆ 15 ವರ್ಷದೊಳಗೆ ಓದಬೇಕೆಂಬ ಗಡುವನ್ನೂ ತೆಗೆಯಿತು. ಆದರೆ ಮರುವರ್ಷವೇ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟು ಸಾವಿರಾರು ಮಂದಿಗೆ ವಸತಿ ಭತ್ಯೆ ತಡವಾಯಿತು. 10 ಶೇಕಡಾದ ಆ ಲೋಪ ಸರಿಯಾಗಲು 2021ರ ಕಾನೂನು ಬರಬೇಕಾಯಿತು.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿನ ಪಾಠ ಸ್ಪಷ್ಟ. ನೆರವಿನ ಮೊತ್ತ ಮುಖ್ಯವೇ. ಆದರೆ ಗಡುವು, ಕಾಲೇಜಿನ ಗುಣಮಟ್ಟ, ಹಣ ತಲುಪುವ ದಿನ ಇವೂ ಅಷ್ಟೇ ಮುಖ್ಯ. ಬಾಡಿಗೆ ಕಟ್ಟಲಾಗದೆ ಓದು ಬಿಟ್ಟವನಿಗೆ ಕಾನೂನಿನಲ್ಲಿ ಬರೆದ ಹಕ್ಕಿನಿಂದ ಏನು ಪ್ರಯೋಜನ? ಯಾವುದೇ ವಿದ್ಯಾರ್ಥಿವೇತನ ಯೋಜನೆಯ ಬಗ್ಗೆ ಮಾತನಾಡುವಾಗ ನಾವು ಎಷ್ಟು ಕೊಟ್ಟರು ಎಂಬುದರ ಜತೆಗೆ ಎಷ್ಟು ಮಂದಿ ಓದು ಮುಗಿಸಿದರು ಎಂದೂ ಕೇಳಬೇಕು.